ನಾಮಪದದ ಬಾಲ

ಮಲ್ಲೇಶ್ವರಕ್ಕೆ ಹೋಗಿಬಂದೆ ಎಂದು ಒಬ್ಬರು ಹೇಳುತ್ತಾರೆ. ಮಲ್ಲೇಶ್ವರನಿಗೆ ಕೈಮುಗಿದು ಬಂದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಹೆಸರು ಒಂದೇ. ಆದರೆ ಮೊದಲನೆಯವರು ಬಡಾವಣೆಗೆ ಹೋದವರು, ಎರಡನೆಯವರು ದೇವರ ಮುಂದೆ ನಿಂತವರು. ಈ ವ್ಯತ್ಯಾಸವನ್ನು ನಮಗೆ ತಿಳಿಸಿದ್ದು ಹೆಸರಿನ ಕೊನೆಗೆ ಅಂಟಿಕೊಂಡ ಒಂದು ಪುಟ್ಟ ಪ್ರತ್ಯಯ, ಅಷ್ಟೆ. ‘ಕ್ಕೆ’ ಎಂದರೆ ಸ್ಥಳ, ‘ನಿಗೆ’ ಎಂದರೆ ವ್ಯಕ್ತಿ. ಕನ್ನಡವನ್ನು ತಾಯ ಮಡಿಲಲ್ಲಿ ಕಲಿತ ಯಾರೂ ಇದನ್ನು ಯೋಚಿಸಿ ಆಡುವುದಿಲ್ಲ. ಯೋಚಿಸಿ ಆಡಬೇಕಾಗಿ ಬಂದ ದಿನ ಆ ಭಾಷೆ ಪರಭಾಷೆಯಾಯಿತು ಎಂದೇ ತಿಳಿಯಬೇಕು.

ಕೇಳುಗರೆ, ನಾಮಪದಕ್ಕೆ ಹತ್ತುವ ಈ ವಿಭಕ್ತಿಗಳನ್ನೂ ಆ ನಾಮಪದಗಳು ಎಲ್ಲಿಂದ ಬಂದವು ಎಂಬುದನ್ನೂ ಕುರಿತು ಈಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವ್ಯಾಕರಣವೆಂದ ಕೂಡಲೇ ರೇಡಿಯೋದ ಕಿವಿ ತಿರುಪುವ ಅಭ್ಯಾಸ ಹಲವರಿಗುಂಟು. ಅವರು ಸ್ವಲ್ಪ ತಾಳ್ಮೆ ವಹಿಸಬೇಕು. ನನ್ನ ಉದಾಹರಣೆಗಳೆಲ್ಲ ನಾವು ದಿನಬೆಳಗಾದರೆ ಓಡಾಡುವ ಬೀದಿಗಳಿಂದಲೇ ಬಂದವು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಈ ಮೂರನ್ನು ಬಿಟ್ಟು ನಾನು ಬಹಳ ದೂರ ಹೋಗುವುದಿಲ್ಲ. ಒಮ್ಮೆ ಮಾತ್ರ, ಹೇಳದೆ ಕೇಳದೆ, ಹಿಮದ ನಾಡೊಂದಕ್ಕೆ ಕರೆದೊಯ್ಯುತ್ತೇನೆ. ಅದಕ್ಕೆ ಕ್ಷಮೆ ಇರಲಿ.

ಬಸವನಗುಡಿಯಿಂದ ಆರಂಭಿಸೋಣ. 1898ರ ಪ್ಲೇಗಿನ ಹಾವಳಿಯ ಕಾಲದಲ್ಲಿ, ಕಿಕ್ಕಿರಿದ ಹಳೆಯ ಪೇಟೆಯಿಂದ ಜನ ಹೊರಗೆ ಬಂದು ಉಸಿರಾಡಲೆಂದು ಬೆಳೆದ ಬಡಾವಣೆ ಇದು. ಹೆಸರು ಮಾತ್ರ ಗುಡ್ಡದ ಮೇಲಿನ ದೊಡ್ಡ ಬಸವಣ್ಣನದು. ‘ಬಸವ’ ಎಂಬ ಮಾತು ಸಂಸ್ಕೃತದ ‘ವೃಷಭ’ವೇ. ಪ್ರಾಕೃತದಲ್ಲಿ ‘ವಸಹ’ವಾಗಿ, ನಮ್ಮ ನಾಲಗೆಗೆ ಬಂದು ಬಸವನಾಯಿತು. ಅಂದರೆ ತದ್ಭವ. ‘ಗುಡಿ’ ಅಚ್ಚ ದೇಶ್ಯ. ಇವೆರಡನ್ನೂ ಹಿಡಿದು ಕಟ್ಟಿರುವುದು ನಡುವಿನ ‘ನ’. ಷಷ್ಠಿಯ ಪ್ರತ್ಯಯ ಬರಿಯ ಅಕಾರ, ಅದರ ಮುಂದೆ ಬಂದ ನಕಾರ ಆಗಮ. ಆದರೆ ಈ ನಕಾರವನ್ನು ಸ್ವಲ್ಪ ನಿಂತು ನೋಡಬೇಕು. ಮರ ಎಂಬುದಕ್ಕೆ ಷಷ್ಠಿ ಹತ್ತಿದರೆ ಮರದ, ಪುಸ್ತಕಕ್ಕೆ ಹತ್ತಿದರೆ ಪುಸ್ತಕದ. ಅಲ್ಲಿ ದಕಾರ. ರಾಮನಿಗೆ ಹತ್ತಿದರೆ ರಾಮನ, ಅಲ್ಲಿ ನಕಾರ. ನಪುಂಸಕಕ್ಕೆ ದಕಾರ, ಪುಲ್ಲಿಂಗಕ್ಕೆ ನಕಾರ ಎಂಬುದು ಕನ್ನಡದ ಕಟ್ಟಳೆ. ಕನ್ನಡದಲ್ಲಿ ಪುಲ್ಲಿಂಗವೆಂದರೆ ಮನುಷ್ಯರು ಮತ್ತು ದೇವತೆಗಳು ಮಾತ್ರ. ಪ್ರಾಣಿಗಳೆಲ್ಲ ನಪುಂಸಕ. ಎತ್ತು ಬಂದಿತು ಎನ್ನುತ್ತೇವೆಯೇ ಹೊರತು ಎತ್ತು ಬಂದನು ಎನ್ನುವುದಿಲ್ಲ. ಹಾಗಾದರೆ ಲೆಕ್ಕದ ಪ್ರಕಾರ ಅದು ‘ಬಸವದಗುಡಿ’ ಆಗಬೇಕಿತ್ತು! ಹಾಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಪೂಜೆಗೊಂಡ ಎತ್ತನ್ನು ನಮ್ಮವರು ವಿಭಕ್ತಿಯ ಬಾಗಿಲಲ್ಲಿ ಮನುಷ್ಯರ ಪಂಕ್ತಿಗೆ ಸೇರಿಸಿಬಿಟ್ಟರು. ಮಳೆಗಾಲದಲ್ಲಿ ಹಿತ್ತಿಲ ಗೋಡೆಯ ಮೇಲೆ ಹರಿಯುವ ಬಸವನಹುಳುವಿಗೂ ಆ ಗೌರವದ ಪಾಲು ದಕ್ಕಿದೆ.

ಚಾಮರಾಜಪೇಟೆಯ ಸಂಗತಿ ಬೇರೆ. 1892ರಲ್ಲಿ ಹುಟ್ಟಿದ ಈ ಬಡಾವಣೆ ಆಗ ಆಳುತ್ತಿದ್ದ ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. ಇಲ್ಲಿ ವಿಭಕ್ತಿಯ ಸುಳಿವಿಲ್ಲ. ಚಾಮರಾಜನ ಪೇಟೆ ಅಲ್ಲ, ಚಾಮರಾಜಪೇಟೆ. ಪ್ರತ್ಯಯ ಲೋಪವಾಗಿ ಎರಡು ಪದ ಒಂದಕ್ಕೊಂದು ಬೆಸೆದುಕೊಂಡಿವೆ. ರಾಜ ಎಂಬುದು ಸಂಸ್ಕೃತ, ಪೇಟೆ ಎಂಬುದು ದ್ರಾವಿಡ. ಇಂಥ ಬೆಸುಗೆಯನ್ನು ನಮ್ಮ ಹಳೆಯ ವೈಯಾಕರಣರು ಅರಿಸಮಾಸವೆಂದರು. ಅರಿಯೆಂದರೆ ಶತ್ರು, ಒಟ್ಟಿಗೆ ಬಾಳಲಾರದ ಎರಡನ್ನು ಕಟ್ಟಿಹಾಕಿದ ಸಮಾಸ ಎಂದು ಅರ್ಥ. ಹದಿಮೂರನೆಯ ಶತಮಾನದ ನಡುವಿನಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ ಇದನ್ನು ದೋಷವೆಂದೇ ಎಣಿಸಿ, ಬಿರುದುಗಳಲ್ಲಿಯೂ ಹಿಂದಿನ ಕವಿಗಳು ಬಳಸಿದ ಕಡೆಯಲ್ಲಿಯೂ ಮಾತ್ರ ವಿನಾಯಿತಿ ಕೊಟ್ಟ. ಕಟ್ಟುನಿಟ್ಟಾದ ವೈಯಾಕರಣನ ಕಣ್ಣಿಗೆ ಚಾಮರಾಜಪೇಟೆ ಅರಿಸಮಾಸ, ಬಸವನಗುಡಿ ನಿರ್ದೋಷ. ವಿನೋದವೆಂದರೆ ಕನ್ನಡದ ಶುದ್ಧಿಯನ್ನು ಕಾಯಬೇಕಾದ ಸಾಹಿತ್ಯ ಪರಿಷತ್ತು, 1915ರಲ್ಲಿ ಸ್ಥಾಪನೆಯಾದದ್ದು, ಹೋಗಿ ಮನೆಮಾಡಿದ್ದು ಈ ಅರಿಸಮಾಸದಲ್ಲಿಯೇ.

ಪರಿಷತ್ತೆಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿಯ ಪರಿಷೆ ಸೇರುತ್ತದೆ. ಆ ಪರಿಷೆಯೂ ಈ ಪರಿಷತ್ತೂ ಒಂದೇ ಸಂಸ್ಕೃತ ಪದದ ಮಕ್ಕಳು. ಪಂಡಿತರು ಕೂಡುವ ಕಡೆ ಅದು ತತ್ಸಮವಾಗಿ ಮಡಿಯುಟ್ಟು ನಿಂತಿತು. ಜನ ಕೂಡುವ ಕಡೆ ತದ್ಭವವಾಗಿ ಸೆರಗು ಕಟ್ಟಿ ಕಡಲೆಕಾಯಿ ಮಾರಲು ಕುಳಿತಿತು. ನನಗಂತೂ ಎರಡರಲ್ಲಿ ಪರಿಷೆಯೇ ಹೆಚ್ಚು ಜೀವಂತವಾಗಿ ಕಾಣುತ್ತದೆ.

ಇನ್ನು ಮಲ್ಲೇಶ್ವರ. ಕಾಡು ಮಲ್ಲೇಶ್ವರನ ಗುಡಿಗೆ ಸಂಬಂಧಿಸಿದ 1669ರ ಶಾಸನದಲ್ಲಿ, ಶಿವಾಜಿಯ ತಮ್ಮ ಏಕೋಜಿ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಮಲ್ಲಪುರದ ದೇವರಿಗೆ ಬಿಟ್ಟ ಸಂಗತಿ ಇದೆ. ಮೇದರನಿಂಗನಹಳ್ಳಿ! ಎಂಥ ತುಂಬು ಹೆಸರು. ಮೇದರ ಕುಲದ ನಿಂಗ ಎಂಬವನು, ಅವನ ಹಳ್ಳಿ. ‘ನಿಂಗ’ ಎಂಬುದು ‘ಲಿಂಗ’ದ ತದ್ಭವ. ಒಬ್ಬ ಬಿದಿರು ಕಾಯಕದವನ ಕುಲವೂ ಹೆಸರೂ ಒಡೆತನವೂ ಒಂದು ಷಷ್ಠಿಯ ಬಲದಿಂದ ಮೂರೂವರೆ ಶತಮಾನ ಉಳಿದುಬಂದಿವೆ.

ಮಲ್ಲೇಶ್ವರವನ್ನು ಈಗ ಬಹುಮಂದಿ ‘ಮಲ್ಲೇಶ್ವರಂ’ ಎನ್ನುತ್ತಾರೆ. ಇಂಗ್ಲಿಷಿನ ಬರವಣಿಗೆಯಲ್ಲಿ ಕೊನೆಗೊಂದು ಮಕಾರ ಸೇರಿಕೊಂಡು, ಅದನ್ನೇ ಮತ್ತೆ ಕನ್ನಡಕ್ಕೆ ತಂದದ್ದರಿಂದ ಆದದ್ದು. ತಮಿಳು ತೆಲುಗುಗಳಲ್ಲಿ ಇಂಥ ಹೆಸರುಗಳು ಹೀಗೆಯೇ ಮುಗಿಯುತ್ತವೆ, ರಾಮೇಶ್ವರಂ ಎಂಬಂತೆ. ಆ ಭಾಷೆಗಳಲ್ಲಿ ಅದು ಸರಿಯೆ. ಕನ್ನಡದಲ್ಲಿಯೂ ಹಿಂದೆ ಅದು ಸರಿಯಾಗಿಯೇ ಇತ್ತು. ಹಳಗನ್ನಡದಲ್ಲಿ ಮರಂ, ರಾಮಂ ಎಂದರೆ ಪ್ರಥಮಾ ವಿಭಕ್ತಿ. ಆದ್ದರಿಂದ ಸಂಪಿಗೆ ರಸ್ತೆಯಲ್ಲಿ ನಿಂತು ‘ಇದು ಮಲ್ಲೇಶ್ವರಂ’ ಎಂದವನು ತನಗರಿವಿಲ್ಲದೆ ಪಂಪನ ಕಾಲದ ಪ್ರಥಮಾ ವಿಭಕ್ತಿಯನ್ನು ಆಡಿದಂತಾಯಿತು, ಅಷ್ಟರಮಟ್ಟಿಗೆ ಸಂತೋಷವೆ. ತೊಡಕು ಹುಟ್ಟುವುದು ಮುಂದಿನ ವಿಭಕ್ತಿಗೆ ಹೋದಾಗ. ಮಲ್ಲೇಶ್ವರಂಗೆ, ಮಲ್ಲೇಶ್ವರಂನಲ್ಲಿ, ಮಲ್ಲೇಶ್ವರಂನಿಂದ. ಇವು ಹಳಗನ್ನಡವೂ ಅಲ್ಲ, ಹೊಸಗನ್ನಡವೂ ಅಲ್ಲ. ಹಳಗನ್ನಡದವನು ಬೇರೆ ವಿಭಕ್ತಿ ಹಚ್ಚುವ ಮುನ್ನ ಆ ಸೊನ್ನೆಯನ್ನು ಕಳಚಿಡುತ್ತಿದ್ದ. ಮರಂ, ಆದರೆ ಮರದೊಳ್. ನಾವು ಕಳಚದೆ ಅದರ ಮೇಲೆಯೇ ಇನ್ನೊಂದು ತೊಡಿಸುತ್ತಿದ್ದೇವೆ, ಅಂಗಿಯ ಮೇಲೆ ಅಂಗಿ. ಅದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ‘ಕ್ಕೆ’ ಮತ್ತು ‘ನಿಗೆ’ ಎಂಬ ಎರಡು ಬಾಗಿಲುಗಳು ಮುಚ್ಚಿಹೋಗಿ, ಆ ಹೆಸರು ಸ್ಥಳದ್ದೋ ದೇವರದ್ದೋ ಎಂದು ಹೇಳುವ ಶಕ್ತಿ ಪ್ರತ್ಯಯಕ್ಕೆ ಇಲ್ಲವಾಗುತ್ತದೆ. ‘ಮಲ್ಲೇಶ್ವರವನ್ನು’ ಎಂದಾಗ ಬರುವ ವಕಾರ ಕೂಡ ಆ ಹಳೆಯ ಮಕಾರದ ನೆನಪೇ. ಮರಮಂ ಎಂಬುದು ಮರವಂ ಆಯಿತು, ಮರವಂ ಎಂಬುದು ಮರವನ್ನು ಆಯಿತು. ಹಳೆಯ ಮಕಾರ ಇರಬೇಕಾದ ಜಾಗದಲ್ಲಿ ಇದ್ದೇ ಇದೆ. ಹೊರಗಿನಿಂದ ಇನ್ನೊಂದನ್ನು ತರುವ ಅಗತ್ಯವಿರಲಿಲ್ಲ.

ಬೆಂಗಳೂರು ಎಂಬ ಹೆಸರಿಗೇ ಬರೋಣ. ವೀರಬಲ್ಲಾಳ ದೊರೆ ಬೇಟೆಯಲ್ಲಿ ದಾರಿ ತಪ್ಪಿ, ಒಬ್ಬ ಮುದುಕಿ ಕೊಟ್ಟ ಬೆಂದ ಕಾಳನ್ನು ತಿಂದು ಹಸಿವು ನೀಗಿಕೊಂಡ, ಊರಿಗೆ ಬೆಂದಕಾಳೂರು ಎಂಬ ಹೆಸರಾಯಿತು ಎಂಬ ಕಥೆಯನ್ನು ಎಲ್ಲರೂ ಬಲ್ಲರು. ಕಥೆ ಸೊಗಸಾಗಿದೆ. ಮುದುಕಿಯ ಔದಾರ್ಯದ ಬಗೆಗೆ ನನ್ನ ತಕರಾರೇನೂ ಇಲ್ಲ. ಆದರೆ ಬಲ್ಲಾಳ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಮೊದಲು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು ಅದಕ್ಕಿಂತ ಸುಮಾರು 300 ವರ್ಷ ಹಿಂದಿನದು, ಗಂಗರ ಕಾಲದ್ದು, ಸುಮಾರು ಕ್ರಿ.ಶ. 900ರದು. ಅದರಲ್ಲಿ ‘ಬೆಂಗುಳೂರ ಕಾಳೆಗದೊಳ್’ ಮಡಿದವರ ಪ್ರಸ್ತಾಪವಿದೆ. ಈ ಎರಡೇ ಪದಗಳಲ್ಲಿ ಎರಡು ವಿಭಕ್ತಿಗಳಿವೆ. ‘ಬೆಂಗುಳೂರ’ ಎಂಬುದು ಷಷ್ಠಿ, ‘ಕಾಳೆಗದೊಳ್’ ಎಂಬುದು ಸಪ್ತಮಿ. ನಮ್ಮ ಊರಿನ ಹೆಸರು ಹೀಗೆ ವಿಭಕ್ತಿಯ ಬಾಲದೊಡನೆ, ಸಾವಿನ ಸುದ್ದಿಯೊಡನೆ, ಕಲ್ಲಿನ ಮೇಲೆ ಕಾಣಿಸಿಕೊಂಡಿತು. ಊರಿಗೆ ಬೆಂಗಳೂರು ಎಂಬ ಕನ್ನಡದ ರೂಪವೇ ಇಂಗ್ಲಿಷಿನಲ್ಲಿಯೂ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ನಡುವೆ ಸಾವಿರದ ನೂರಕ್ಕೂ ಹೆಚ್ಚು ವರ್ಷ.

ಆ ಶಾಸನದ ‘ಬೆಂಗುಳೂರ’ ಎಂಬುದನ್ನು ಇಂದಿನ ‘ಬೆಂಗಳೂರಿನ’ ಎಂಬುದರೊಡನೆ ಹೋಲಿಸಿ ನೋಡಿ. ಅಂದು ಬರಿಯ ಅಕಾರ ಸಾಕಾಗಿತ್ತು. ಇಂದು ನಾವು ನಡುವೆ ‘ಇನ್’ ಎಂಬ ಆಗಮವನ್ನು ಸೇರಿಸುತ್ತೇವೆ. ಹಳೆಯ ರೂಪ ಸತ್ತೇನೂ ಹೋಗಿಲ್ಲ. ‘ಊರ ಉಸಾಬರಿ’ ಎನ್ನುವಾಗ, ‘ಊರ ಹಬ್ಬ’ ಎನ್ನುವಾಗ ಶಾಸನದ ಷಷ್ಠಿಯೇ ನಮ್ಮ ಬಾಯಲ್ಲಿದೆ. ಸಪ್ತಮಿಯ ಕಥೆಯೂ ಹೀಗೆಯೇ. ಹಲ್ಮಿಡಿ ಶಾಸನದಲ್ಲಿ ‘ನಾಡುಳ್’ ಎಂದಿದೆ. ಅಲ್ಲಿ ಉಳ್, ಬೇಗೂರಿನಲ್ಲಿ ಒಳ್. ‘ಒಳಗೆ’ ಎಂಬ ಮಾತಿನ ‘ಒಳ’ವೇ ಅದು. ಇಂದು ನಾವು ಹಚ್ಚುವ ‘ಅಲ್ಲಿ’ಯೂ ಮೂಲದಲ್ಲಿ ಸ್ವತಂತ್ರ ಪದವೆ, ಅಲ್ಲಿ ಇಲ್ಲಿ ಎನ್ನುವಾಗಿನ ಅಲ್ಲಿ. ‘ಮನೆಯಲ್ಲಿ’ ಎಂದರೆ ಮನೆಯ ಅಲ್ಲಿ. ಪ್ರತ್ಯಯಗಳೆಂಬ ಈ ಬಾಲಗಳಲ್ಲಿ ಹಲವು ಒಂದಾನೊಂದು ಕಾಲದಲ್ಲಿ ತಲೆಯೆತ್ತಿ ನಡೆಯುತ್ತಿದ್ದ ಮಾತುಗಳು. ಸವೆದು ಸವೆದು ಬೇರೊಂದರ ಬೆನ್ನಿಗೆ ಅಂಟಿದವು.

ಇಲ್ಲಿ ಪಂಚಮೀ ವಿಭಕ್ತಿಯ ಪ್ರಶ್ನೆ ಬರುತ್ತದೆ. ನಾನು ಹಲವು ವರ್ಷ ಪಾಠ ಹೇಳಿದವನು. ಮಕ್ಕಳು ಬೆಂಚಿನ ಮೇಲೆ ನಿಂತು ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ರಾಗವಾಗಿ ಒಪ್ಪಿಸುವುದನ್ನು ಸಾವಿರ ಸಲ ಕೇಳಿದ್ದೇನೆ. ಆ ಐದನೆಯ ‘ದೆಸೆಯಿಂದ’ ಎಂಬಲ್ಲಿಗೆ ಬಂದಾಗಲೆಲ್ಲ ನನಗೆ ಒಳಗೊಳಗೇ ನಗು. ‘ಮರದಿಂದ ಹಣ್ಣು ಬಿದ್ದಿತು’ ಎನ್ನುತ್ತೇವೆ. ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದವರನ್ನು ಗಾಂಧಿಬಜಾರಿನಲ್ಲಾಗಲಿ ಎಂಟನೆಯ ಅಡ್ಡರಸ್ತೆಯಲ್ಲಾಗಲಿ ಯಾರಾದರೂ ಕಂಡಿದ್ದೀರಾ? ‘ಅವನ ದೆಸೆಯಿಂದ ನಾನು ಕೆಟ್ಟೆ’ ಎನ್ನುವುದುಂಟು. ಅದು ಕಾರಣವನ್ನು ಹೇಳುವ ಮಾತು, ಅಗಲುವಿಕೆಯನ್ನಲ್ಲ. ‘ದೆಸೆಯಿಂದ’ ಎಂಬುದನ್ನು ಬಿಡಿಸಿದರೆ ಸಿಗುವುದೇನು? ‘ದೆಸೆ’ ಎಂಬುದು ಸಂಸ್ಕೃತದ ‘ದಿಶಾ’ ಶಬ್ದದ ತದ್ಭವ. ಅದಕ್ಕೆ ಹತ್ತಿರುವ ‘ಇಂದ’ ತೃತೀಯೆ. ಐದನೆಯ ವಿಭಕ್ತಿಯನ್ನು ಬಿಚ್ಚಿದರೆ ಒಳಗೆ ಮೂರನೆಯದೇ ಕುಳಿತಿದೆ! ಹಳಗನ್ನಡದ ‘ಅತ್ತಣಿಂ’ ಕೂಡ ಇದೇ ಕಸುಬಿನದು; ‘ಅತ್ತಣ’ ಎಂದರೆ ಆ ಕಡೆಯ, ಅದರ ಮೇಲೆ ತೃತೀಯೆಯ ‘ಇಂ’.

ಹೀಗೇಕಾಯಿತು? ಸಂಸ್ಕೃತದಲ್ಲಿ ಏಳು ವಿಭಕ್ತಿಗಳಿವೆ. ಆದ್ದರಿಂದ ಕನ್ನಡಕ್ಕೂ ಏಳು ಬೇಕಾದವು. ಏಳು ಗೂಡಿನ ಗೂಡುಪೆಟ್ಟಿಗೆಯನ್ನು ಸಿದ್ಧವಾಗಿ ಇಟ್ಟುಕೊಂಡು, ಒಂದು ಗೂಡು ಬರಿದಾಗಿ ಉಳಿದುದನ್ನು ಕಂಡು, ಅದರಲ್ಲಿ ಏನನ್ನಾದರೂ ತುಂಬಲೇಬೇಕೆಂದು ನಮ್ಮ ಹಿರಿಯರು ಹಟ ತೊಟ್ಟರು. ಆದರೆ ಆ ಸಂಸ್ಕೃತದಲ್ಲಿಯೇ ಐದನೆಯದು ಎಷ್ಟು ಗಟ್ಟಿಯಾಗಿದೆ? ‘ರಾಮಾತ್’ ಎಂದು ರಾಮಶಬ್ದಕ್ಕೆ ಪ್ರತ್ಯೇಕ ರೂಪವುಂಟು, ಸರಿ. ಹರಿಶಬ್ದಕ್ಕೆ ಬನ್ನಿ. ಪಂಚಮಿಯಲ್ಲಿ ಹರೇಃ, ಷಷ್ಠಿಯಲ್ಲಿಯೂ ಹರೇಃ. ಸಂಸ್ಕೃತದ ಹರಿಗೆ ಇಲ್ಲದ ಪ್ರತ್ಯೇಕ ರೂಪವನ್ನು ಕನ್ನಡದ ಹರಿಗೆ ನಾವು ಹೊಲಿಸಿಕೊಟ್ಟೆವು. ಕೇಶಿರಾಜನನ್ನಾಗಲಿ, 1604ರಲ್ಲಿ ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನನ್ನಾಗಲಿ ಇದಕ್ಕಾಗಿ ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಕಿವಿ ಬಹು ಸೂಕ್ಷ್ಮ. ಕಾಲದ ವಿದ್ವತ್ತಿಗೆ ಇದ್ದ ಏಕೈಕ ಅಳತೆಗೋಲು ಸಂಸ್ಕೃತವಾಗಿತ್ತು, ಅಷ್ಟೆ. ನಮ್ಮ ಕಾಲಕ್ಕೆ ಬೇರೆ ಅಳತೆಗೋಲುಗಳು ದೊರೆತ ಮೇಲೂ ಮಕ್ಕಳ ಬಾಯಲ್ಲಿ ಅದನ್ನೇ ಹಾಡಿಸುತ್ತಿದ್ದೇವಲ್ಲ, ಅದು ನನಗೆ ಒಪ್ಪಿಗೆಯಾಗದ ಸಂಗತಿ.

ಇದು ನಮಗೊಬ್ಬರಿಗೇ ಬಂದ ಪಾಡಲ್ಲ. ಇಲ್ಲಿಯೇ ನಾನು ಹೇಳಿದ ಹಿಮದ ನಾಡು ಬರುವುದು. ಗ್ರೀನ್‌ಲೆಂಡಿನಲ್ಲಿ ಇನ್ಯುಯಿಟ್ ಜನ ಆಡುವ ಭಾಷೆಗೆ ಪೌಲ್ ಎಗೆಡೆ ಎಂಬ ಪಾದ್ರಿ 1750ರಲ್ಲಿ ನಿಘಂಟನ್ನೂ 1760ರಲ್ಲಿ ವ್ಯಾಕರಣವನ್ನೂ ಅಚ್ಚು ಹಾಕಿಸಿದ. ಅವನ ಕೈಯಲ್ಲಿದ್ದ ಗೂಡುಪೆಟ್ಟಿಗೆ ಲ್ಯಾಟಿನ್. ಆ ಭಾಷೆಯನ್ನು ಅದರ ಒಳಗಿನಿಂದಲೇ ನೋಡಿ ಬರೆದ ವ್ಯಾಕರಣ ಬಂದದ್ದು 1851ರಲ್ಲಿ. ಬರೆದವನು ಸ್ಯಾಮುಯೆಲ್ ಕ್ಲೈನ್‌ಶ್ಮಿಟ್. ಅವನೂ ಪಾದ್ರಿಗಳ ಮನೆತನದವನೇ, ಆದರೆ 1814ರಲ್ಲಿ ಹುಟ್ಟಿದ್ದು ಗ್ರೀನ್‌ಲೆಂಡಿನಲ್ಲಿಯೇ. ಆ ಮಕ್ಕಳ ಜೊತೆ ಆಡಿ ಬೆಳೆದ ಕಿವಿ ಅದು. ನಮ್ಮಲ್ಲಿ ಕಿಟ್ಟೆಲರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ದೊಡ್ಡ ನಿಘಂಟನ್ನು ಹೊರತಂದ ಶ್ರಮವನ್ನು ನೆನೆಯುವಾಗ ನನಗೆ ಕ್ಲೈನ್‌ಶ್ಮಿಟ್ಟನ ನೆನಪೂ ಬರುತ್ತದೆ.

ಆ ಭಾಷೆಯ ವಿಭಕ್ತಿಗಳನ್ನು ಕೇಳಿದರೆ ಕನ್ನಡಿಗನ ಕಿವಿ ನಿಮಿರುತ್ತದೆ. ‘ಇಲ್ಲು’ ಎಂದರೆ ಮನೆ. ಇಂಗ್ಲಿಷಿನವರು ಇಗ್ಲೂ ಎಂದು ಹಿಮದ ಗುಡಿಸಲಿಗೆ ಮಾತ್ರ ಕಟ್ಟಿಹಾಕಿದ ಪದ ಇದೇ. ಇಲ್ಲುಮಿ ಎಂದರೆ ಮನೆಯಲ್ಲಿ, ಇಲ್ಲುಮುತ್ ಎಂದರೆ ಮನೆಗೆ, ಇಲ್ಲುಮಿತ್ ಎಂದರೆ ಮನೆಯಿಂದ. ಒಟ್ಟು ಎಂಟು ವಿಭಕ್ತಿಗಳೆಂದು ಎಣಿಕೆ. ಅವರಿಗೆ ನಿಜವಾದ ಪಂಚಮಿಯುಂಟು. ‘ಚಾಕುವಿನಿಂದ’ ಎನ್ನುವುದಕ್ಕೆ ಮಿಕ್, ‘ಮನೆಯಿಂದ’ ಎನ್ನುವುದಕ್ಕೆ ಮಿತ್. ನಾವು ಎರಡಕ್ಕೂ ‘ಇಂದ’ ಎಂದು ಹೇಳಿ ಸುಮ್ಮನಾಗುತ್ತೇವೆ, ಯಾರಿಗೂ ಗೊಂದಲವಾದದ್ದಿಲ್ಲ. ನಮ್ಮಲ್ಲಿಲ್ಲದ ಇನ್ನೊಂದು ಅವರಲ್ಲುಂಟು. ‘ಹಾದು’ ಎಂಬರ್ಥಕ್ಕೇ ಒಂದು ವಿಭಕ್ತಿ, ಇಲ್ಲುಕ್ಕುತ್ ಎಂದರೆ ಮನೆಯನ್ನು ಹಾದು. ಸಪ್ತಮಿ ಷಷ್ಠಿಗಳ ಏಳು ಗೂಡಿನಲ್ಲಿ ಇದನ್ನು ಎಲ್ಲಿ ಇಡುವಿರಿ? ಅವರ ರಾಜಧಾನಿಯ ಹೆಸರು ನೂಕ್, ಭೂಶಿರ ಎಂದು ಅರ್ಥ. ಡೇನರು ಇಟ್ಟ ಹೆಸರು ಹೋಗಿ 1979ರಲ್ಲಿ ಈ ಹೆಸರು ನೆಲೆಗೊಂಡಿತು. ನೂಮ್ಮಿ ಎಂದರೆ ನೂಕಿನಲ್ಲಿ. ನೋಡಿದಿರಾ, ನಾನು ‘ನೂಕಿನಲ್ಲಿ’ ಎಂದುಬಿಟ್ಟೆ; ಕನ್ನಡದ ನಾಲಗೆಗೆ ಕೊಟ್ಟರೆ ಆ ಪಟ್ಟಣ ‘ನೂಕು’ ಆಗಿ ಯಾರನ್ನೋ ತಳ್ಳುತ್ತದೆ.

ಹೀಗೆ ಹೊರಗಿನ ಪದಕ್ಕೆ ಸ್ವರ ಅಂಟಿಸುವ ಅಭ್ಯಾಸ ಅವರಿಗೂ ಉಂಟು. ಡೇನಿಷ್ ಭಾಷೆಯಲ್ಲಿ ಕಾರಿಗೆ ‘ಬಿಲ್’ ಎನ್ನುತ್ತಾರೆ. ಗ್ರೀನ್‌ಲೆಂಡಿನ ಭಾಷೆಯಲ್ಲಿ ಪದಗಳು ಲಕಾರದಲ್ಲಿ ಮುಗಿಯುವಂತಿಲ್ಲ. ಆದ್ದರಿಂದ ಅದು ‘ಬೀಲಿ’ ಆಯಿತು. ಬೀಲಿಮಿ ಎಂದರೆ ಕಾರಿನಲ್ಲಿ. ಅವರು ಇಕಾರವನ್ನು ಅಂಟಿಸುತ್ತಾರೆ, ನಾವು ಉಕಾರವನ್ನು. ಆದರೆ ನಮ್ಮ ಅಂಟಿಸುವಿಕೆಯಲ್ಲಿ ಒಂದು ಚಮತ್ಕಾರವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕಾರ್ ಎಂಬುದು ಕಾರು ಆಯಿತು, ಬಸ್ ಎಂಬುದು ಬಸ್ಸು ಆಯಿತು. ಒಂದು ಕಡೆ ಒತ್ತಿಲ್ಲ, ಇನ್ನೊಂದು ಕಡೆ ಒತ್ತಿದೆ, ಏಕೆ? ಪೆನ್ನು, ಪಿನ್ನು, ಟಿನ್ನು. ಆದರೆ ರೈಲು, ಕೋಟು, ಬೂಟು. ಯಾವ ಸಭೆಯೂ ಸೇರಿ ತೀರ್ಮಾನಿಸಿದ್ದಲ್ಲ. ಹಳಗನ್ನಡದ ಕಲ್ ಎಂಬುದು ಕಲ್ಲು ಆಯಿತು, ಕಣ್ ಎಂಬುದು ಕಣ್ಣು, ಮಣ್ ಎಂಬುದು ಮಣ್ಣು. ಕಾಲ್ ಎಂಬುದು ಕಾಲು, ನೂಲ್ ಎಂಬುದು ನೂಲು. ಹ್ರಸ್ವದ ಮುಂದೆ ಇಮ್ಮಡಿ, ದೀರ್ಘದ ಮುಂದೆ ಒಂಟಿ. ಕಲ್ಲಿಗೂ ಕಾಲಿಗೂ ಹಾಕಿಕೊಟ್ಟ ಕಟ್ಟಳೆಯನ್ನೇ ಶಿವಾಜಿನಗರದ ಬಸ್ಸಿಗೂ ಕಾರಿಗೂ ಕನ್ನಡ ಹಾಕಿತು. ಇಂಗ್ಲಿಷಿನಿಂದ ಬಂದ ಪದವೆಂದು ಮುಖ ಸಿಂಡರಿಸಲಿಲ್ಲ, ಸಂಸ್ಕೃತದಿಂದ ಬಂದ ಪರಿಷತ್ ಎಂಬುದನ್ನು ಹೇಗೆ ಪರಿಷತ್ತು ಮಾಡಿಕೊಂಡಿತೋ ಹಾಗೆಯೇ ಇವನ್ನೂ ಮಾಡಿಕೊಂಡಿತು. ಅದಾದ ಮೇಲೆ ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸಿನಿಂದ. ಇನ್ನು ಆ ಪದ ಪರರದಲ್ಲ.

ಆದಕಾರಣ ಇಂಗ್ಲಿಷ್ ಪದಗಳು ಬಂದು ಕನ್ನಡ ಕೆಟ್ಟಿತು ಎಂಬ ಕೂಗಿಗೆ ನಾನು ಪೂರ್ತಿ ದನಿಗೂಡಿಸುವುದಿಲ್ಲ. ಪದಗಳು ಯಾವಾಗಲೂ ಬರುತ್ತಿದ್ದವು. ಕುರ್ಚಿ ಅರಬ್ಬಿಯಿಂದ ಬಂದು ಕುಳಿತಿತು. ರಸ್ತೆ, ಬಜಾರುಗಳು ಪಾರಸಿಯವು. ಅಲಮಾರು ಪೋರ್ತುಗೀಸರದು. ಉತ್ತರದ ಜಿಲ್ಲೆಗಳ ಚಾವಿಯೂ ಅವರದೇ. ನಾವು ಮಾತ್ರ ಇನ್ನೂ ಬೀಗದ ಕೈ ಎಂದು, ಬೀಗಕ್ಕೆ ಷಷ್ಠಿ ಹಚ್ಚಿ ಅದಕ್ಕೊಂದು ಕೈ ಕೊಟ್ಟಿದ್ದೇವೆ. ಆಸ್ಪತ್ರೆ ಇಂಗ್ಲಿಷಿನದೆಂದು ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಅಷ್ಟು ಸಂಸ್ಕೃತದ ವೇಷ ಹಾಕಿಕೊಂಡಿದೆ. ಮಲ್ಲೇಶ್ವರದಲ್ಲಿ ಪಕ್ಕಪಕ್ಕದಲ್ಲಿ ಸಾಗುವ ಎರಡು ರಸ್ತೆಗಳಿವೆ, ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ. ಸಂಪಿಗೆ ಸಂಸ್ಕೃತದ ಚಂಪಕ. ಮಾರ್ಗೋಸಾ ಎಂದರೆ ಬೇವು. ಪೋರ್ತುಗೀಸರು ಅದರ ಕಹಿಯನ್ನು ಕಂಡು ಇಟ್ಟ ಹೆಸರನ್ನು ಇಂಗ್ಲಿಷರು ಎತ್ತಿಕೊಂಡರು, ಇಂಗ್ಲಿಷರಿಂದ ನಾವು. ಒಂದು ಪದ ಒಳಗೆ ಬಂದು ಬಣ್ಣ ಬದಲಿಸಿ ನಮ್ಮದಾಯಿತು. ಇನ್ನೊಂದು ನೂರು ವರ್ಷವಾದರೂ ಫಲಕದ ಮೇಲೆಯೇ ನಿಂತಿದೆ. ಅದಕ್ಕೆ ವಿಭಕ್ತಿ ಹತ್ತಲಿಲ್ಲ. ‘ಮಾರ್ಗೋಸೆಯ ಹೂವು’ ಎಂದು ಯುಗಾದಿಯ ದಿನ ಯಾರೂ ಕೇಳುವುದಿಲ್ಲ, ಬೇವಿನ ಹೂವನ್ನೇ ಕೇಳುತ್ತಾರೆ.

ಪದಗಳ ಈ ವಂಶಾವಳಿಯನ್ನು ತಾಳ್ಮೆಯಿಂದ ಬರೆದಿಟ್ಟವರು ಚಾಮರಾಜಪೇಟೆಯಲ್ಲಿಯೇ ಇದ್ದರು. ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಬಂದಿತು. ಮೊದಲನೆಯದು 1970ರಲ್ಲಿ, ಕಡೆಯದು 1995ರಲ್ಲಿ. ಅದರ ಕಾರ್ಯದಲ್ಲಿ ಮುಖ್ಯರಾಗಿದ್ದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದರು. 1991ರಿಂದ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ಓದುಗರು ಕೇಳಿದ ಪದಗಳ ಹುಟ್ಟನ್ನೂ ಬಳಕೆಯನ್ನೂ ವಿವರಿಸಿದರು. ಜನಸಾಮಾನ್ಯರು ಅಂಚೆಯ ಕಾರ್ಡು ಬರೆದು ಪದದ ಮೂಲ ಕೇಳುವಷ್ಟು ಕುತೂಹಲ ಈ ನಾಡಿನಲ್ಲಿತ್ತು ಎಂಬುದು ಸಣ್ಣ ಮಾತಲ್ಲ.

ನನ್ನ ಅಂಜಿಕೆ ಪದಗಳ ವಿಷಯದಲ್ಲಿ ಅಲ್ಲ, ಬಾಲಗಳ ವಿಷಯದಲ್ಲಿ. ‘ಟೇಬಲ್ ಮೇಲಿರುವ ಬುಕ್ಕನ್ನು ಬ್ಯಾಗಿನಲ್ಲಿ ಇಡು’ ಎಂದು ನಮ್ಮ ಬೀದಿಯ ಹುಡುಗ ಹೇಳಿದಾಗ ನಾಮಪದಗಳೆಲ್ಲ ಇಂಗ್ಲಿಷಿನವು. ಆದರೂ ಅದು ಕನ್ನಡ. ‘ಅನ್ನು’, ‘ಅಲ್ಲಿ’ಗಳು ಅವನ ಕೈಯಲ್ಲಿವೆ. ತಿರುಗಾಮುರುಗಾ ಆದರೆ ಆಗ ಕೇಡು. ನಾಮಪದ ಕನ್ನಡದ್ದಾಗಿದ್ದು ವಿಭಕ್ತಿ ಕಳೆದುಹೋದರೆ ಉಳಿಯುವುದು ಪದಗಳ ಕಾಳುಕಡಿ ಮಾತ್ರ.

ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ತಾಯಿಯ ಕಟ್ಟಪ್ಪಣೆ. ಮಗು ಪಾಪ ಆಡುತ್ತದೆ. ಭಾನುವಾರ ದೂರವಾಣಿಯಲ್ಲಿ ಮಾತಾಡುವಾಗ ‘ತಾತ, ನಾನು ಹಸಿವು’ ಎನ್ನುತ್ತದೆ. ‘ನಾನು ಬೇಕು ದೋಸೆ’ ಎನ್ನುತ್ತದೆ. ಪದಗಳೆಲ್ಲ ಅಚ್ಚಗನ್ನಡ. ನನಗೆ ನಗುವೂ ಬರುತ್ತದೆ, ಎದೆಯೂ ಹಿಂಡುತ್ತದೆ. ಅಲ್ಲಿ ಬಿದ್ದುಹೋಗಿರುವುದು ಚತುರ್ಥಿ. ‘ನನಗೆ ಹಸಿವು’, ‘ನನಗೆ ಬೇಕು’, ‘ನನಗೆ ಗೊತ್ತು’, ‘ನನಗೆ ನೆನಪಿದೆ’. ಕನ್ನಡದಲ್ಲಿ ಹಸಿವು, ಬಯಕೆ, ಅರಿವು, ನೆನಪುಗಳನ್ನು ಮನುಷ್ಯ ಮಾಡುವುದಿಲ್ಲ. ಅವು ಅವನ ಬಳಿಗೆ ಬರುತ್ತವೆ. ಅವನು ಕರ್ತೃವಲ್ಲ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವನು. ಇಂಗ್ಲಿಷಿನಲ್ಲಿ ‘ನಾನು’ ಎಂಬುದೇ ಎಲ್ಲಕ್ಕೂ ಮುಂದೆ ನಿಲ್ಲುತ್ತದೆ. ಮಗುವಿನ ಮನಸ್ಸು ಶಾಲೆಯಲ್ಲಿ ಆ ಅಚ್ಚಿನಲ್ಲಿ ಎರಕಗೊಂಡು, ಮನೆಗೆ ಬಂದು ಕನ್ನಡದ ಪದಗಳನ್ನು ಅದರಲ್ಲಿ ಸುರಿಯುತ್ತದೆ. ‘ನನಗೆ ಕನ್ನಡ ಬರುತ್ತದೆ’ ಎನ್ನುವುದಕ್ಕೂ ಚತುರ್ಥಿಯೇ ಬೇಕಲ್ಲ! ಅವಳು ಅದನ್ನು ‘ನಾನು ಕನ್ನಡ ಬರುತ್ತೆ’ ಎನ್ನುತ್ತಾಳೆ.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ. ಗ್ರೀನ್‌ಲೆಂಡಿನ ಜನಸಂಖ್ಯೆ ಸುಮಾರು 56,000. ನಮ್ಮ ಒಂದೆರಡು ಬಡಾವಣೆಯಷ್ಟು. 2009ರಲ್ಲಿ ಸ್ವಯಮಾಡಳಿತ ವಿಸ್ತಾರವಾದಾಗ ಅವರು ತಮ್ಮ ನುಡಿಯೊಂದನ್ನೇ ಅಧಿಕೃತ ಭಾಷೆಯೆಂದು ಶಾಸನ ಮಾಡಿಕೊಂಡರು. ಸಂಖ್ಯೆಯ ಬಲ ನಮಗಿದೆ ಎಂದು ನೆಮ್ಮದಿಯಿಂದಿರಬಹುದು. ಆದರೆ ಒಂದು ಮನೆಯೊಳಗೆ, ಒಂದು ಮಗುವಿನ ಬಾಯಲ್ಲಿ ಚತುರ್ಥಿ ಬಿದ್ದುಹೋಗುವಾಗ ಕೋಟಿಗಳ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಅವಳಿಗೆ ಪ್ರಥಮಾ ದ್ವಿತೀಯಾ ಎಂದು ಬಾಯಿಪಾಠ ಮಾಡಿಸುವ ಗೋಜಿಗೆ ನಾನು ಹೋಗಲಿಲ್ಲ. ಆ ಐದನೆಯದರ ಉಪದ್ರವ ಬೇರೆ. ನಮ್ಮ ಬೀದಿಗಳ ಹೆಸರನ್ನು ಹೇಳುತ್ತೇನೆ, ಅಲ್ಲಿಗೆ ಹೊರಟೆ, ಅಲ್ಲಿಂದ ಬಂದೆ ಎಂದು ಅವಳು ಕಟ್ಟಿ ಹೇಳಬೇಕು. ನನಗೆ ಏನು ಬೇಕು, ಅವಳಿಗೆ ಏನು ಬೇಕು ಎಂದು ಕೇಳುತ್ತೇನೆ. ಆಟದಂತೆ ನಡೆಯುತ್ತದೆ, ಒಮ್ಮೊಮ್ಮೆ ಬೇಸರದಿಂದ ಎದ್ದುಹೋಗುವುದೂ ಉಂಟು. ಹೋದ ವಾರ ಅವಳೇ ಒಂದು ಪ್ರಶ್ನೆ ಹಾಕಿದಳು. ಬಸವನಗುಡಿಗೆ, ಚಾಮರಾಜಪೇಟೆಗೆ ಎನ್ನುತ್ತೀಯೆ, ಮಲ್ಲೇಶ್ವರಕ್ಕೆ ಮಾತ್ರ ‘ಕ್ಕೆ’ ಏಕೆ ತಾತ ಎಂದು. ಅಕಾರದಲ್ಲಿ ಮುಗಿಯುವ ಸ್ಥಳದ ಹೆಸರಿಗೆ ‘ಕ್ಕೆ’ ಬರುತ್ತದಮ್ಮ, ಮರಕ್ಕೆ ಎನ್ನುವ ಹಾಗೆ. ಇಕಾರ ಎಕಾರಗಳಲ್ಲಿ ಮುಗಿದರೆ ‘ಗೆ’, ಗಿಳಿಗೆ ಮನೆಗೆ ಎನ್ನುವ ಹಾಗೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅಮೆರಿಕ ಕೂಡ ಅಕಾರದಲ್ಲಿ ಮುಗಿಯುತ್ತದಲ್ಲ ಎಂದಳು. ಹೌದು, ಅಮೆರಿಕಕ್ಕೆ ಎಂದೇ ಹೇಳಬೇಕು ಎಂದೆ.